ಎರಡು ಸೈಜು ದೊಡ್ಡ ಅಂಗಿ

ಸರೋಜಿನಿ ನಗರದ ಬೀದಿ ಅಂಗಡಿಗಳಲ್ಲಿ ಟ್ರಯಲ್ ರೂಮ್ ಇರುವುದಿಲ್ಲ. ರಫ್ತಿಗೆಂದು ಹೊಲಿದು ಉಳಿದ ಟೀ ಶರ್ಟುಗಳ ರಾಶಿಯಿಂದ ಒಂದನ್ನು ಎಳೆದು, ಮೈಮೇಲಿನ ಬಟ್ಟೆಗೇ ಹಿಡಿದು ಅಂದಾಜು ಮಾಡಬೇಕು. ಉಡುಪಿ ಕಡೆಯ ಹುಡುಗನೊಬ್ಬನಿಗೆ ಅದೇ ಅನುಕೂಲವಾಗಿತ್ತು. ಅವನು ಆರಿಸುತ್ತಿದ್ದುದು ಎರಡು ಸೈಜು ದೊಡ್ಡದನ್ನು, ಅದೂ ಕಪ್ಪು ಬಣ್ಣದ್ದನ್ನೇ. ಎದೆ ಕಾಣಬಾರದು, ಅಷ್ಟೇ ಲೆಕ್ಕ.

ದಿಲ್ಲಿಯಲ್ಲಿ ಅಂಗಿಯೊಳಗೆ ಅಡಗಿಕೊಂಡು ದಿನ ದೂಡಬಹುದು, ಊರಲ್ಲಿ ಆಗದು. ಉಡುಪಿಯ ಕೃಷ್ಣಮಠದಲ್ಲಿ, ಧರ್ಮಸ್ಥಳದಲ್ಲಿ ದೇವರ ಮುಂದೆ ಹೋಗಲು ಗಂಡಸರು ಅಂಗಿ ಬನಿಯನ್ ತೆಗೆಯಬೇಕು. ಅವನು ಏನಾದರೊಂದು ನೆಪ ಹೇಳಿ ಚಪ್ಪಲಿ ಕಾಯುತ್ತಾ ಹೊರಗೇ ಉಳಿಯುತ್ತಿದ್ದ. ಮಗ ನಾಸ್ತಿಕನಾಗಿಬಿಟ್ಟ ಎಂದು ತಾಯಿ ಕೊರಗುತ್ತಿದ್ದರು. ಕೊನೆಗೆ ಅವನು ಬಾಯಿಬಿಟ್ಟದ್ದು ದಿಲ್ಲಿಯಲ್ಲಿದ್ದ ಸೋದರಮಾವನ ಹತ್ತಿರ, ಅಂದರೆ ಈ ಲೇಖಕನ ಹತ್ತಿರ. "ಮಾವ, ಒಂದು ಆಪರೇಷನ್ ಮಾಡಿಸ್ಕೊಳ್ಬೇಕು. ಅಮ್ಮನಿಗೆ ಈಗಲೇ ಹೇಳ್ಬೇಡಿ."

ಹೀಗೆ ಗಂಡಸಿನ ಎದೆ ಉಬ್ಬುವುದನ್ನು ವೈದ್ಯರು ಗೈನೆಕೊಮಾಸ್ಟಿಯಾ ಎನ್ನುತ್ತಾರೆ. ಗಂಡಸಿನ ಮೈಯಲ್ಲೂ ಈಸ್ಟ್ರೋಜನ್ ಇರುತ್ತದೆ. ಟೆಸ್ಟೋಸ್ಟೆರಾನ್ ಜೊತೆಗಿನ ಅದರ ಸಮತೋಲ ತಪ್ಪಿದರೆ ಮೊಲೆತೊಟ್ಟಿನ ಹಿಂದಿರುವ ಗ್ರಂಥಿ ಬೆಳೆಯುತ್ತದೆ. ಹದಿಮೂರು ಹದಿನಾಲ್ಕರ ಪ್ರಾಯದಲ್ಲಿ ಇದು ಎಷ್ಟೋ ಹುಡುಗರಿಗೆ ಬರುತ್ತದೆ, ಎರಡು ಮೂರು ವರ್ಷದಲ್ಲಿ ಹೆಚ್ಚಿನವರಿಗೆ ತಾನಾಗಿ ಇಳಿಯುತ್ತದೆ. ಆ ವಯಸ್ಸಿನ ಮಗನನ್ನು ಅವಸರಪಟ್ಟು ಆಪರೇಷನ್ ಟೇಬಲ್ಲಿಗೆ ಕರೆದೊಯ್ಯುವ ಅಪ್ಪ ಅಮ್ಮಂದಿರು ಸ್ವಲ್ಪ ಕಾಯುವುದು ಒಳ್ಳೆಯದು. ಇವನದು ಇಳಿಯದೆ ಉಳಿದ ಕೇಸು. ಹೊಸದಾಗಿ ನೋವಿನೊಂದಿಗೆ ಬಂದಾಗ ಟ್ಯಾಮಾಕ್ಸಿಫೆನ್‌ನಂಥ ಮಾತ್ರೆ ಕೆಲವರಿಗೆ ಫಲ ಕೊಡುತ್ತದೆ. ವರ್ಷ ದಾಟಿ ಗ್ರಂಥಿ ನಾರುಗಟ್ಟಿದ ಮೇಲೆ ಮಾತ್ರೆಯಿಂದ ಹೆಚ್ಚೇನೂ ಆಗುವುದಿಲ್ಲ, ದಂಡ ಹೊಡೆದರೂ ಅದು ಕರಗದು.

ಮೊದಲು ಹೋದ ಕ್ಲಿನಿಕ್ಕಿನಲ್ಲಿ ಅಂಗಿ ಬಿಚ್ಚಿಸುವುದಕ್ಕೂ ಮುಂಚೆಯೇ ಇಎಂಐ ಲೆಕ್ಕ ಹೇಳಿದರು. "ಕಲೆಯೇ ಇರಲ್ಲ, ನಾಳೆಯಿಂದ ಆಫೀಸ್" ಎಂಬ ಭರವಸೆ ಬೇರೆ. ಮಾವ ಅಳಿಯ ಇಬ್ಬರೂ ಎದ್ದು ಬಂದರು. ರಿಂಗ್ ರಸ್ತೆಯ ಸಫ್ದರ್‌ಜಂಗ್ ಆಸ್ಪತ್ರೆ ಹತ್ತಿರದಲ್ಲೇ ಇದೆ, ಅಲ್ಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗವೂ ಇದೆ. ಆದರೆ ಸುಟ್ಟಗಾಯದವರು ತುಂಬಿರುವ ಕಡೆ ಇಂಥ ಆಪರೇಷನ್ನು ಸಾಲಿನ ಹಿಂದೆ ನಿಲ್ಲುವುದು ಸಹಜ, ನಿಲ್ಲಬೇಕಾದದ್ದೂ ಹೌದು. ಅವನು ಖಾಸಗಿ ಆಸ್ಪತ್ರೆಯಲ್ಲಿ, ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಮಾಡಿದ ವೈದ್ಯೆಯೊಬ್ಬರನ್ನು ಕಂಡ.

ಅವರು ಮೊದಲ ದಿನ ಚಾಕುವಿನ ಮಾತೇ ಎತ್ತಲಿಲ್ಲ. ಜಿಮ್ಮಿನಲ್ಲಿ ಇಂಜೆಕ್ಷನ್ ತೆಗೆದುಕೊಂಡಿದ್ದೀಯಾ, ಕುಡಿತ ಎಷ್ಟು, ಕೂದಲುದುರುವುದಕ್ಕೆ ಫಿನಾಸ್ಟರೈಡ್ ನುಂಗುತ್ತೀಯಾ, ಹೀಗೆ ಪ್ರಶ್ನೆಯ ಮೇಲೆ ಪ್ರಶ್ನೆ. ಸ್ಟೆರಾಯ್ಡ್ ಚುಚ್ಚಿಸಿಕೊಳ್ಳುವವರಿಗೆ ಆಪರೇಷನ್ ಆದ ಮೇಲೂ ಎದೆ ಮತ್ತೆ ಬೆಳೆಯಬಹುದು. ಬಳಿಕ ಲಿವರ್, ಥೈರಾಯ್ಡ್, ಹಾರ್ಮೋನ್‌ಗಳ ರಕ್ತಪರೀಕ್ಷೆ, ಎದೆಯ ಅಲ್ಟ್ರಾಸೌಂಡ್. ವೃಷಣಗಳನ್ನೂ ಮುಟ್ಟಿ ನೋಡುತ್ತಾರೆಂದಾಗ ಹುಡುಗ ಕೆಂಪಾದ. ಅಲ್ಲಿನ ಗಡ್ಡೆಯೊಂದು ಮೊದಲು ಎದೆಯಲ್ಲೇ ಸುಳಿವು ಕೊಡುವುದು ಅಪರೂಪಕ್ಕಾದರೂ ಇದೆ, ಹಾಗಾಗಿ ಆ ಪರೀಕ್ಷೆ ಬಿಡುವಂತಿಲ್ಲ. ಇವನ ವರದಿಗಳೆಲ್ಲ ಸರಿಯಿದ್ದವು. ಕಾರಣ ಸಿಗದ ಕೇಸುಗಳೂ ಬಹಳ.

ವಿಮೆ ಕೈಕೊಟ್ಟಿತು. ನಮ್ಮ ದೇಶದ ಆರೋಗ್ಯ ವಿಮೆಗಳು ಅಂದಕ್ಕಾಗಿ ಮಾಡಿಸಿಕೊಳ್ಳುವ ಶಸ್ತ್ರಚಿಕಿತ್ಸೆಯನ್ನು ಹೊರಗಿಡುತ್ತವೆ. ಚಿಕಿತ್ಸೆಯಾಗಿ ಅಗತ್ಯವೆಂದು ವೈದ್ಯರು ಬರೆದುಕೊಟ್ಟರೆ ವಾದಿಸಿ ನೋಡಬಹುದು. ಹಣ ಬಂದೇ ಬರುತ್ತದೆಂದು ನಂಬಿ ದಿನಾಂಕ ಗೊತ್ತುಮಾಡಬಾರದು.

ದಿನಾಂಕ ಫೆಬ್ರವರಿಗೆ ಬಿತ್ತು. ದೀಪಾವಳಿ ನಂತರದ ಹೊಗೆಯಲ್ಲಿ ದಿಲ್ಲಿಯೇ ಕೆಮ್ಮುತ್ತಿರುತ್ತದೆ. ಅರಿವಳಿಕೆಗೂ ಕೆಮ್ಮಿಗೂ ಆಗಿಬರದು, ಹಸಿ ಗಾಯದ ಮೇಲೆ ಒತ್ತಡ ಬಿದ್ದರೆ ಒಳಗೆ ರಕ್ತ ಸೋರಬಹುದು. ಮೇ ತಿಂಗಳಾದರೆ ಆಪರೇಷನ್ ಬಳಿಕ ಹಾಕಬೇಕಾದ ಬಿಗಿ ಬನಿಯನ್ನಿನೊಳಗೆ ಬೆಂದುಹೋಗುತ್ತಾನೆ. ಚಳಿಯಲ್ಲಿ ಮೇಲೊಂದು ಸ್ವೆಟರ್ ಹಾಕಿದರೆ ಯಾರಿಗೂ ತಿಳಿಯುವುದಿಲ್ಲ. ಸಿಗರೇಟನ್ನು ವಾರಗಳ ಮುಂಚೆಯೇ ನಿಲ್ಲಿಸಿದರು, ನಿಕೋಟಿನ್ ರಕ್ತನಾಳ ಕುಗ್ಗಿಸಿ ತೊಟ್ಟಿನ ಚರ್ಮ ಮಾಯುವುದನ್ನೇ ತಡೆಯುತ್ತದೆ.

ಈ ಶಸ್ತ್ರಚಿಕಿತ್ಸೆ ನಿನ್ನೆ ಮೊನ್ನೆಯದಲ್ಲ. ಏಳನೇ ಶತಮಾನದ ಗ್ರೀಕ್ ವೈದ್ಯ ಈಜಿನಾದ ಪಾಲ್ ಇದನ್ನು ವಿವರಿಸಿದ್ದಾನೆ. ತೊಟ್ಟಿನ ಸುತ್ತಲಿನ ಕಪ್ಪು ವರ್ತುಲದ ಅಂಚಿನಲ್ಲೇ ಕೊಯ್ದು ಕಲೆ ಮರೆಮಾಚುವ ಕ್ರಮವನ್ನು 1946ರಲ್ಲಿ ಅಮೆರಿಕದ ವೆಬ್‌ಸ್ಟರ್ ಪ್ರಚಾರಕ್ಕೆ ತಂದ. ಕೊಬ್ಬನ್ನು ಕೊಳವೆಯಿಂದ ಹೀರುವ ಲೈಪೊಸಕ್ಷನ್ ಆಮೇಲೆ ಸೇರಿಕೊಂಡಿತು. ಇವನಿಗೆ ಎರಡೂ ಬೇಕಾದವು. ಕೊಬ್ಬು ಕೊಳವೆಗೆ ಬರುತ್ತದೆ, ಗಟ್ಟಿ ಗ್ರಂಥಿಯನ್ನು ಕೊಯ್ದೇ ತೆಗೆಯಬೇಕು. ಹಾಗೆಂದು ಪೂರ್ತಿ ಕೆರೆದು ತೆಗೆದರೆ ತೊಟ್ಟು ಒಳಕ್ಕೆ ಕುಸಿದು ತಟ್ಟೆಯಂತೆ ಹಳ್ಳವಾಗುತ್ತದೆ, ಅದಕ್ಕೇ ಸ್ವಲ್ಪ ಉಳಿಸುತ್ತಾರೆ. ತೆಗೆದದ್ದನ್ನು ಪೆಥಾಲಜಿಗೆ ಕಳಿಸಿದರು.

ನೋವು ಅವನು ಹೆದರಿದ್ದಷ್ಟು ಇರಲಿಲ್ಲ. ಕಾಡಿದ್ದು ಬೇರೆಯವು. ಒಳಗೆ ಕೂಡಿದ ನೀರು ಹೊರಬರಲು ಇಟ್ಟ ಡ್ರೈನ್ ನಳಿಕೆ ಹಿಡಿದು ಶೌಚಕ್ಕೆ ಹೋಗುವುದು, ಅಂಗಾತವೇ ಮಲಗುವುದು, ಹಗಲು ರಾತ್ರಿ ಆ ಬಿಗಿ ಬನಿಯನ್. ಅದನ್ನು ನಾಲ್ಕರಿಂದ ಆರು ವಾರ ಹಾಕಬೇಕು. ಮೊದಲ ಡ್ರೆಸ್ಸಿಂಗ್ ಬಿಚ್ಚಿದಾಗ ಕನ್ನಡಿ ನೋಡಿ ಮುಖ ಇಳಿಯಿತು. ಎದೆ ಊದಿ ಮೊದಲಿನಷ್ಟೇ ದಪ್ಪವಿತ್ತು, ನೀಲಿಗಟ್ಟಿದ ರಕ್ತ ಹೊಟ್ಟೆಯವರೆಗೆ ಇಳಿದಿತ್ತು. "ದುಡ್ಡು ನೀರಲ್ಲಿ ಹೋಮ ಆಯ್ತಲ್ಲ ಮಾವ" ಎಂದ. ಇದಾದ ಮೇಲೆ ತೊಟ್ಟಿನ ಹಿಂದೆ ಗಟ್ಟಿ ಗಂಟು ಕೈಗೆ ಸಿಕ್ಕಿ ಮತ್ತೆ ದಿಗಿಲು. ಅದು ಒಳಗಿನ ಗಾಯ ಮಾಯುವಾಗ ಕಟ್ಟುವ ಗಂಟು, ತಿಂಗಳುಗಳಲ್ಲಿ ಮೆದುವಾಗುತ್ತದೆ. ಊತ ಪೂರ್ತಿ ಇಳಿಯಲು ಮೂರು ತಿಂಗಳಾದರೂ ಬೇಕು, ಕಲೆ ಮಾಸಲು ವರ್ಷ. ತೊಟ್ಟಿನ ಸ್ಪರ್ಶ ಮಂಕಾಗುವುದುಂಟು, ಎರಡೂ ಬದಿ ಒಂದೇ ಸಮನಾಗುವುದೂ ಖಾತ್ರಿಯಿಲ್ಲ. ಒಂದು ಬದಿ ಮಾತ್ರ ದಿಢೀರನೆ ಊದಿ ಬಿಗಿದು ನೋಯುತ್ತಿದ್ದರೆ ರಾತ್ರಿಯೇ ಆದರೂ ಆಸ್ಪತ್ರೆಗೆ ಓಡಬೇಕು, ಒಳಗೆ ರಕ್ತ ಕಟ್ಟಿರಬಹುದು.

ಹುಡುಗ ಒಂದು ವಾರಕ್ಕೆ ಮೇಜಿನ ಕೆಲಸಕ್ಕೆ ಹೊರಟ. ಭಾರ ಎತ್ತಲು ಆರು ವಾರ ಬಿಡಲಿಲ್ಲ. ಪೆಥಾಲಜಿ ವರದಿಯಲ್ಲಿ ಆತಂಕದ್ದೇನೂ ಇರಲಿಲ್ಲ. ಅದು ಕೈಗೆ ಬಂದ ಮೇಲೆ ತಾಯಿಗೆ ಫೋನಿನಲ್ಲಿ ಎಲ್ಲ ಹೇಳಿದ. ಅವರು ಕೇಳಿದ ಮೊದಲ ಪ್ರಶ್ನೆ, "ಇಷ್ಟು ವರ್ಷ ನನಗ್ಯಾಕೆ ಹೇಳ್ಲಿಲ್ಲ?"

ಈ ಸುದ್ದಿ ಹೇಗೋ ಪರಿಚಯದ ನಿವೃತ್ತ ಹಿರಿಯರೊಬ್ಬರ ಕಿವಿಗೂ ಬಿತ್ತು. ಅವರಿಗೆ ಕೆಲವು ತಿಂಗಳಿಂದ ಎಡ ಎದೆಯಲ್ಲಿ ಊತ, ಯಾರಿಗೂ ಹೇಳಿರಲಿಲ್ಲ. ಆ ವಯಸ್ಸಿನಲ್ಲಿ ಒಂದೇ ಬದಿಯ ಗಟ್ಟಿ ಊತವನ್ನು ಕಡೆಗಣಿಸುವಂತಿಲ್ಲ. ಸ್ತನ ಕ್ಯಾನ್ಸರ್ ಪ್ರಕರಣಗಳಲ್ಲಿ ನೂರಕ್ಕೆ ಒಂದರಷ್ಟು ಗಂಡಸರವು. ಮ್ಯಾಮೊಗ್ರಾಂ ಮಾಡಿಸಿದರು, ಕ್ಯಾನ್ಸರ್ ಅಲ್ಲ. ಹೃದಯಕ್ಕೆಂದು ದಿನಾ ನುಂಗುತ್ತಿದ್ದ ಸ್ಪೈರನೊಲ್ಯಾಕ್ಟೋನ್ ಮಾತ್ರೆಯೇ ಕಾರಣವಾಗಿತ್ತು. ಹೃದ್ರೋಗ ತಜ್ಞರು ಅದನ್ನು ನಿಲ್ಲಿಸಿ ಎಪ್ಲೆರಿನೋನ್ ಬರೆದುಕೊಟ್ಟರು. ಅವರಿಗೆ ಆಪರೇಷನ್ ಬೇಕಾಗಲಿಲ್ಲ.