ಪಿತೃಋಣವೂ ವಂಶಾವಳಿಯ ಶೋಧನೆಯೂ

ಮನುಷ್ಯನು ಮೂರು ಋಣಗಳನ್ನು ಹೊತ್ತು ಹುಟ್ಟುತ್ತಾನೆಂದು ಶಾಸ್ತ್ರವು ಹೇಳುತ್ತದೆ. ದೇವಋಣ, ಋಷಿಋಣ, ಪಿತೃಋಣಗಳೆಂಬ ಇವುಗಳಲ್ಲಿ ಮೊದಲನೆಯದನ್ನು ಪೂಜಾದಿಗಳಿಂದಲೂ ದೇವಾಲಯಗಳ ಜೀರ್ಣೋದ್ಧಾರದಿಂದಲೂ, ಎರಡನೆಯದನ್ನು ಅಧ್ಯಯನದಿಂದಲೂ, ಮೂರನೆಯದನ್ನು ಸಂತತಿಯಿಂದಲೂ ಶ್ರಾದ್ಧತರ್ಪಣಗಳಿಂದಲೂ ತೀರಿಸತಕ್ಕದ್ದೆಂದು ಹಿರಿಯರ ಮತ. ಆದರೆ ತರ್ಪಣಕ್ಕೆ ಎಳ್ಳು ನೀರುಗಳಷ್ಟೇ ಸಾಲವು. ತಂದೆ, ತಾತ, ಮುತ್ತಾತ ಎಂಬ ಮೂರು ತಲೆಗಳ ಹೆಸರುಗಳೂ ಬೇಕು. ಈ ಕಾಲದಲ್ಲಿ ಅನೇಕ ಮನೆಗಳಲ್ಲಿ ಮೂರನೆಯ ಹೆಸರಿಗೆ ಬಂದೊಡನೆ ಕರ್ತೃವು ಪುರೋಹಿತರ ಮುಖವನ್ನು ನೋಡುವಂತಾಗಿದೆ. ಮರೆತ ಹೆಸರನ್ನು ಮರಳಿ ಪಡೆಯುವ ದಾರಿ ಯಾವುದು, ಆ ದಾರಿಯಲ್ಲಿ ಎಚ್ಚರದಿಂದ ಇಡಬೇಕಾದ ಹೆಜ್ಜೆಗಳು ಯಾವುವು ಎಂಬುದೇ ಈ ಲೇಖನದ ವಿಷಯ.

ಹಳೆಯ ಗುಡಿಯನ್ನು ಬಿಚ್ಚುವ ಸ್ಥಪತಿಯು ಪ್ರತಿಯೊಂದು ಕಲ್ಲಿಗೂ ಸಂಖ್ಯೆಯನ್ನು ಬರೆದು, ಅದು ಯಾವ ವರಸೆಯಲ್ಲಿತ್ತೆಂದು ಗುರುತು ಮಾಡಿಕೊಂಡ ಮೇಲೆಯೇ ಕೆಳಗಿಳಿಸುತ್ತಾನೆ. ಹಾಗೆ ಮಾಡದಿದ್ದಲ್ಲಿ ಮತ್ತೆ ಕಟ್ಟುವಾಗ ಅಂದವಾದ ಕಲ್ಲು ತನ್ನದಲ್ಲದ ಸ್ಥಾನಕ್ಕೆ ಏರೀತು. ವಂಶಾವಳಿಗೂ ಇದೇ ಕ್ರಮವು ಸಲ್ಲತಕ್ಕದ್ದು. ಒಂದು ಹೆಸರನ್ನು ಬರೆದೊಡನೆ ಅದು ಯಾರ ಬಾಯಿಂದ ಅಥವಾ ಯಾವ ಕಾಗದದಿಂದ ಬಂದಿತು, ಆ ಕಾಗದವು ಯಾವ ವರ್ಷದ್ದು, ಎಲ್ಲಿದೆ ಎಂಬುದನ್ನು ಪಕ್ಕದಲ್ಲಿಯೇ ಬರೆಯಬೇಕು. ಸಾಕ್ಷಿಯಿಲ್ಲದ ಹೆಸರನ್ನು ಬಿಡಬೇಕೆಂದಲ್ಲ. ‘ಕೇಳಿದ ಮಾತು’ ಎಂದು ಬರೆದು ಇಡಬೇಕು.

ಶೋಧನೆಯು ತಿಳಿದದ್ದರಿಂದ ತಿಳಿಯದುದರ ಕಡೆಗೆ, ಬದುಕಿರುವವರಿಂದ ಗತಿಸಿದವರ ಕಡೆಗೆ ಸಾಗಬೇಕು. ಯಾವನೋ ಪ್ರಸಿದ್ಧ ಪಾಳೆಯಗಾರನನ್ನೋ ದಿವಾನನನ್ನೋ ಮೂಲಪುರುಷನೆಂದು ಮೊದಲೇ ನಿಶ್ಚಯಿಸಿಕೊಂಡು, ಅಲ್ಲಿಂದ ಕೆಳಗಿಳಿದು ಬಂದು ತನ್ನ ಮನೆಗೆ ಕೊಂಡಿ ಹಾಕುವುದು ಶೋಧನೆಯಲ್ಲ, ಅಭಿಮಾನದ ಕಲ್ಪನೆ. ಆದುದರಿಂದ ಮೊದಲ ಗ್ರಂಥಾಲಯವು ಮನೆಯ ಹಿರಿಯರ ಬಾಯಿಯೇ. ಅದರಲ್ಲಿಯೂ ಮನೆಯಿಂದ ಹೊರಗೆ ಕೊಟ್ಟ ಸೋದರತ್ತೆಯರನ್ನು ಮೊದಲು ಕೇಳತಕ್ಕದ್ದು; ತವರಿನ ನೆನಪನ್ನು ಅವರಷ್ಟು ಜೋಪಾನ ಮಾಡುವವರು ವಿರಳ. ಅನಂತರ ಜಾತಕಗಳು, ಲಗ್ನಪತ್ರಿಕೆಗಳು, ಹಳೆಯ ಲೆಕ್ಕದ ಪುಸ್ತಕಗಳ ಕೊನೆಯ ಹಾಳೆಗಳು, ಪಾತ್ರೆಗಳ ಮೇಲೆ ಕೆತ್ತಿಸಿದ ಹೆಸರುಗಳು, ಇವೆಲ್ಲವನ್ನೂ ನೋಡಬೇಕು.

ಮರಣವಾರ್ತೆಯು ಇದಕ್ಕಿಂತಲೂ ಉಪಯುಕ್ತವಾದ ಸಾಧನ. ಗತಿಸಿದವರ ಹೆಸರನ್ನು ಬರೆದಿಡುವ ಪದ್ಧತಿಯು ಕನ್ನಡ ನಾಡಿಗೆ ಹೊಸದಲ್ಲ. ವೀರಗಲ್ಲು, ಮಾಸ್ತಿಗಲ್ಲು, ನಿಸಿಧಿಗಲ್ಲುಗಳು ಕಲ್ಲಿನ ಮರಣವಾರ್ತೆಗಳೇ ಆಗಿವೆ. ಮಠಗಳ ಗುರುಪರಂಪರೆಯಲ್ಲಿ ಪಠಿಸುವ ಚರಮಶ್ಲೋಕಗಳೂ ಅದೇ ಜಾತಿಯವು. ಈಚಿನ ಕಾಲದಲ್ಲಿ ಪತ್ರಿಕೆಗಳಲ್ಲಿ ಬರುವ ನಿಧನವಾರ್ತೆ, ಪುಣ್ಯಸ್ಮರಣೆಯ ಪ್ರಕಟನೆ, ವೈಕುಂಠ ಸಮಾರಾಧನೆ ಅಥವಾ ಶಿವಗಣಾರಾಧನೆಯ ಆಹ್ವಾನಪತ್ರಿಕೆ, ಇವುಗಳಲ್ಲಿ ಮಕ್ಕಳು, ಸೊಸೆಯರು, ಹೆಣ್ಣುಮಕ್ಕಳು, ಅಳಿಯಂದಿರು, ಅವರವರ ಊರುಗಳು ಒಂದೇ ಹಾಳೆಯಲ್ಲಿ ದೊರೆಯುತ್ತವೆ. ಆದರೆ ಇವನ್ನು ಓದುವಾಗ ಎರಡು ಎಚ್ಚರಗಳು ಬೇಕು. ವಯಸ್ಸನ್ನು ಅನೇಕರು ನಡೆಯುವ ವರ್ಷದಿಂದ ಎಣಿಸುವರು. 80 ಎಂದು ಬರೆದಲ್ಲಿ ತುಂಬಿದ್ದು 79 ಇರಬಹುದು. ಮನಸ್ತಾಪವಿದ್ದ ಮನೆಯಲ್ಲಿ ಒಬ್ಬ ಮಗನ ಹೆಸರನ್ನೇ ಬಿಟ್ಟಿರುವುದೂ ಉಂಟು. ಹೆಸರಿಲ್ಲವೆಂಬುದರಿಂದ ಆ ವ್ಯಕ್ತಿಯೇ ಇರಲಿಲ್ಲವೆಂದು ತೀರ್ಮಾನಿಸಬಾರದು.

ಹಳೆಯ ಬರಹಗಳಲ್ಲಿ ಇಸವಿ ಇರುವುದಿಲ್ಲ, ಸಂವತ್ಸರವಿರುತ್ತದೆ. ಸಂವತ್ಸರವು 60 ವರ್ಷಗಳಿಗೊಮ್ಮೆ ಮರಳಿ ಬರುತ್ತದೆ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯಿಂದ ಹೆಸರೂ ಸುಮಾರು ಅಷ್ಟೇ ಅವಧಿಗೆ ಮರಳಿ ಬರುತ್ತದೆ. ಈ ಎರಡೂ ಕೂಡಿದಲ್ಲಿ ಭ್ರಾಂತಿಯು ಸುಲಭ. ದೃಷ್ಟಾಂತಕ್ಕಾಗಿ ಒಂದು ಕಲ್ಪಿತ ಮನೆತನವನ್ನು ತೆಗೆದುಕೊಳ್ಳಬಹುದು. ‘ಧಾತು ಸಂವತ್ಸರದಲ್ಲಿ ತಿಮ್ಮಪ್ಪನು ಸ್ವರ್ಗಸ್ಥನಾದನು’ ಎಂದು ಲೆಕ್ಕದ ಪುಸ್ತಕದಲ್ಲಿದೆ. ತಿಮ್ಮಪ್ಪನ ಮಗ ಹನುಮಪ್ಪ, ಅವನ ಮಗ ಮತ್ತೆ ತಿಮ್ಮಪ್ಪ. ಧಾತು ಸಂವತ್ಸರವು 1876ರಲ್ಲಿಯೂ 1936ರಲ್ಲಿಯೂ ಬಂದಿತ್ತು. ಹಾಗಾದರೆ ಸತ್ತವನು ತಾತನೋ, ಮೊಮ್ಮಗನೋ? 1901ರ ಒಂದು ಕ್ರಯಪತ್ರದಲ್ಲಿ ‘ಹನುಮಪ್ಪ ಬಿನ್ ದಿವಂಗತ ತಿಮ್ಮಪ್ಪ’ ಎಂದು ದೊರೆತರೆ ತಾತನು ಅದಕ್ಕೆ ಮೊದಲೇ ಗತಿಸಿದ್ದನೆಂದು ತಿಳಿಯುತ್ತದೆ. ಆದರೂ ಅಷ್ಟರಿಂದಲೇ ಪ್ರಶ್ನೆಯು ಮುಗಿಯದು. 1942ರ ಇನ್ನೊಂದು ಪತ್ರಕ್ಕೆ ‘ತಿಮ್ಮಪ್ಪ ಬಿನ್ ಹನುಮಪ್ಪ’ನು ರುಜು ಹಾಕಿದ್ದರೆ ಮೊಮ್ಮಗನು 1936ರಲ್ಲಿ ಸತ್ತವನಲ್ಲವೆಂಬುದು ನಿಶ್ಚಯ. ಆಗ ಆ ಬರಹವು 1876ರ ತಾತನದೇ ಎಂದು ಧೈರ್ಯವಾಗಿ ಹೇಳಬಹುದು. 1876ರಿಂದ 1878ರ ವರೆಗಿನ ಮಹಾಕ್ಷಾಮವನ್ನು ಜನರು ಇಂದಿಗೂ ಧಾತು ಈಶ್ವರದ ಬರವೆನ್ನುವರು. ಬಳ್ಳಾರಿ, ಕರ್ನೂಲು ಸೀಮೆಗಳಲ್ಲಿ ಎಷ್ಟೋ ಮನೆತನಗಳ ಕೊಂಡಿಯು ಆ ಎರಡು ವರ್ಷಗಳಲ್ಲಿಯೇ ಕಳಚಿದೆ.

ಮನೆಯ ಕಾಗದಗಳು ಮುಗಿದ ಮೇಲೆ ಸರಕಾರದ ದಫ್ತರಕ್ಕೆ ಹೋಗಬೇಕು. ಸಾಮಾನ್ಯ ರೈತನ ಹೆಸರು ದಫ್ತರದಲ್ಲಿ ದೊರೆಯುವುದಕ್ಕೆ ರೈತವಾರಿ ಪದ್ಧತಿಯೇ ಮುಖ್ಯ ಕಾರಣ. 1800ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ, 1807ರ ವರೆಗೆ ಮುಖ್ಯ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಸಾಹೇಬನು ಭೂಮಿಯನ್ನು ಅಳೆಯಿಸಿ, ಕಂದಾಯವನ್ನು ಒಬ್ಬೊಬ್ಬ ರೈತನ ಮೇಲೆಯೇ ನಿಗದಿ ಮಾಡಿಸಿದನು. ಹೀಗೆ ಹೊಲದೊಡನೆ ಹಿಡುವಳಿದಾರನ ಹೆಸರೂ ಲೆಕ್ಕಕ್ಕೆ ಏರಿತು. ಈ ಮನ್ರೋವಿನ ಮರಣವೇ ಶೋಧಕರಿಗೆ ಒಂದು ಪಾಠವಾಗಿದೆ. ಮದ್ರಾಸಿನ ಗವರ್ನರನಾಗಿ ಸಂಚಾರದಲ್ಲಿದ್ದಾಗ 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಅವನು ವಾಂತಿಭೇದಿಯಿಂದ ತೀರಿಕೊಂಡನು; ಅವನನ್ನು ಹೂಳಿದ್ದು ಗುತ್ತಿಯಲ್ಲಿ; 1831ರಲ್ಲಿ ಅವಶೇಷಗಳನ್ನು ಸಾಗಿಸಿ ಮತ್ತೆ ಸಮಾಧಿ ಮಾಡಿದ್ದು ಮದ್ರಾಸಿನ ಕೋಟೆಯೊಳಗಿನ ಇಗರ್ಜಿಯಲ್ಲಿ. ಸಮಾಧಿಯಿದ್ದ ಊರೇ ಮರಣದ ಊರೆಂದು ತಿಳಿದವನು ಪತ್ತಿಕೊಂಡಕ್ಕೆ ಎಂದಿಗೂ ಬರಲಾರನು.

ದಫ್ತರವು ಎಲ್ಲಿದೆಯೆಂಬುದನ್ನು ತಿಳಿಯಲು ಗಡಿಗಳ ಚರಿತ್ರೆಯು ಬೇಕು. 1808ರಲ್ಲಿ ಈ ಸೀಮೆಯನ್ನು ಬಳ್ಳಾರಿ, ಕಡಪ ಎಂಬ ಎರಡು ಜಿಲ್ಲೆಗಳಾಗಿ ಹಂಚಿದರು. ಪತ್ತಿಕೊಂಡವು ಬಳ್ಳಾರಿಗೆ ಸೇರಿದ್ದು 1858ರಲ್ಲಿ ಕರ್ನೂಲಿಗೆ ಬಂದಿತು. 1882ರಲ್ಲಿ ಬಳ್ಳಾರಿಯಿಂದ ಅನಂತಪುರ ಜಿಲ್ಲೆಯು ಬೇರೆಯಾಯಿತು. ಗುತ್ತಿಯು ಅದರ ಪಾಲಾಯಿತು. 1953ರ ಅಕ್ಟೋಬರ್ 1ರಂದು ಆಂಧ್ರರಾಜ್ಯವು ಸ್ಥಾಪಿತವಾದಾಗ ಬಳ್ಳಾರಿಯು ಮೈಸೂರಿಗೂ, ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೂ ಸೇರಿದುವು. ಹೀಗಾಗಿ ಮನೆಯಲ್ಲಿ ಕನ್ನಡವನ್ನಾಡುವ ಒಂದೇ ಮನೆತನದ ಕಾಗದಗಳು ಬಳ್ಳಾರಿ, ಕರ್ನೂಲು, ಅನಂತಪುರಗಳಲ್ಲಿಯೂ ಮದ್ರಾಸಿನ ಎಗ್ಮೋರ್ ದಫ್ತರಖಾನೆಯಲ್ಲಿಯೂ ಚದರಿರುವ ಸಂಭವವುಂಟು. ಹೆಸರುಗಳು ಕನ್ನಡ, ತೆಲುಗು, ಇಂಗ್ಲಿಷ್ ಲಿಪಿಗಳಲ್ಲಿ ಬೇರೆಬೇರೆ ರೂಪವನ್ನು ತಾಳಿರುತ್ತವೆ.

ದಫ್ತರಗಳಲ್ಲಿ ನೋಡತಕ್ಕವು ಮುಖ್ಯವಾಗಿ ನಾಲ್ಕು. ಮೊದಲನೆಯದು ಇನಾಂ ರಿಜಿಸ್ಟರು. 1858ರಲ್ಲಿ ನೇಮಕವಾದ ಇನಾಂ ಕಮಿಷನ್ನು ದೇವಸ್ಥಾನ, ಅರ್ಚಕ, ಗ್ರಾಮಸೇವಕ ಮುಂತಾದವರ ಮಾನ್ಯಗಳನ್ನು ವಿಚಾರಿಸಿ, ಮೊದಲು ಪಡೆದವನು ಯಾರು, ಅನುಭವಿಸುತ್ತಿರುವವನು ಯಾರು ಎಂದು ದಾಖಲು ಮಾಡಿತು. ಎರಡನೆಯದು ಸಬ್‌ರಿಜಿಸ್ಟ್ರಾರ್ ಕಚೇರಿಯ ಪುಸ್ತಕಗಳು. 1908ರ ನೋಂದಣಿ ಕಾಯಿದೆಯ 57ನೆಯ ಕಲಮಿನಂತೆ ಸ್ಥಿರಾಸ್ತಿಯ ಒಂದನೆಯ ಪುಸ್ತಕವನ್ನೂ ಅದರ ಸೂಚಿಗಳನ್ನೂ ಶುಲ್ಕ ತೆತ್ತು ಯಾರಾದರೂ ನೋಡಬಹುದು. ಮರಣಶಾಸನದ ನಕಲು ಮಾತ್ರ ಬರೆದವನು ಗತಿಸಿದ ಮೇಲೆಯೇ ಇತರರಿಗೆ ದೊರೆಯುತ್ತದೆ. ಮೂರನೆಯದು ಜನನಮರಣ ರಿಜಿಸ್ಟರು. 1969ರ ಕಾಯಿದೆಯಂತೆ ಯಾರಾದರೂ ಅದರಲ್ಲಿ ಹುಡುಕಿಸಿ ನಕಲನ್ನು ಪಡೆಯಬಹುದು. ಮರಣದ ಕಾರಣವನ್ನು ಮಾತ್ರ ನಕಲಿನಲ್ಲಿ ಕೊಡುವುದಿಲ್ಲ. ನಾಲ್ಕನೆಯದು ವಿಭಾಗದ ದಾವೆಗಳ ಕಡತ; ಅವುಗಳಲ್ಲಿ ಬಹುಶಃ ವಂಶವೃಕ್ಷವೇ ಲಗತ್ತಾಗಿರುತ್ತದೆ. ಜನಗಣತಿಯ ಮನೆವಾರು ಹಾಳೆಗಳನ್ನು ಹುಡುಕುವುದು ವ್ಯರ್ಥ. 1948ರ ಕಾಯಿದೆಯು ಅವನ್ನು ಗುಪ್ತವಾಗಿಟ್ಟಿದೆ.

ಈ ಕಾಗದಗಳು ಪರಸ್ಪರ ವಿರೋಧಿಸಿದಲ್ಲಿ ಯಾವುದನ್ನು ನಂಬಬೇಕು? 1872ರ ಸಾಕ್ಷ್ಯ ಕಾಯಿದೆಯು ಇದಕ್ಕೆ ಒಳ್ಳೆಯ ಸೂತ್ರವನ್ನು ಕೊಟ್ಟಿತ್ತು. ಸಂಬಂಧವನ್ನು ವಿಶೇಷವಾಗಿ ಬಲ್ಲವರು, ವ್ಯಾಜ್ಯವು ಹುಟ್ಟುವುದಕ್ಕೆ ಮೊದಲೇ ಹೇಳಿದ ಅಥವಾ ಬರೆದಿಟ್ಟ ಮಾತು, ಅವರು ಗತಿಸಿದ ಮೇಲೆಯೂ ಸಾಕ್ಷ್ಯಕ್ಕೆ ಬರುತ್ತದೆ. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಈ ತತ್ತ್ವವನ್ನು ಉಳಿಸಿಕೊಂಡಿದೆ. ಜಗಳದ ಮಧ್ಯದಲ್ಲಿ ಬರೆದ ವಂಶವೃಕ್ಷಕ್ಕಿಂತ, ಶಾಂತಕಾಲದಲ್ಲಿ ಬರೆದ ಲಗ್ನಪತ್ರಿಕೆಯು ಮೇಲು.

ಇಷ್ಟಾದರೂ ದಫ್ತರವು ಒಂದು ಕಡೆ ಕುರುಡಾಗಿದೆ. ಹೊಲವಿದ್ದವನ ಹೆಸರನ್ನು ಅದು ಬಲ್ಲದು. ಹೊಲವಿಲ್ಲದವನನ್ನೂ ಸ್ತ್ರೀಯರನ್ನೂ ಬಹುಮಟ್ಟಿಗೆ ಬಲ್ಲದು ಎನ್ನುವಂತಿಲ್ಲ. ಆಂಧ್ರದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಂತೆಯೇ ಜನ್ಮಸಿದ್ಧ ಹಕ್ಕು ಬಂದದ್ದು 1986ರ ತಿದ್ದುಪಡಿಯಿಂದ. ಅದಕ್ಕೂ ಹಿಂದೆ, ಮೊದಲನೆಯ ಮಹಾಚುನಾವಣೆಯ ಕಾಲದಲ್ಲಿ, ಇಂಥವನ ಹೆಂಡತಿ, ಇಂಥವನ ಮಗಳು ಎಂದಲ್ಲದೆ ಸ್ವಂತ ಹೆಸರನ್ನು ಹೇಳದ ಕಾರಣ ದೇಶದಲ್ಲಿ ಸುಮಾರು 28 ಲಕ್ಷ ಸ್ತ್ರೀಯರು ಮತದಾರರ ಪಟ್ಟಿಯಿಂದ ಬಿಟ್ಟುಹೋದರು. ಆದರೆ ಶ್ರಾದ್ಧದ ಸಂಕಲ್ಪದಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರುಗಳನ್ನೂ, ತಾಯಿಯ ತಂದೆ ತಾತಂದಿರ ಹೆಸರುಗಳನ್ನೂ ಹೇಳಲೇಬೇಕು. ಪಟ್ಟೆಯು ಬಿಟ್ಟವರನ್ನು ತರ್ಪಣವು ಕರೆಯುತ್ತದೆ. ಆದುದರಿಂದ ಪುರೋಹಿತರ ಬಳಿಯಿರುವ ಹಳೆಯ ಪಟ್ಟಿಗಳನ್ನು ದಫ್ತರದಷ್ಟೇ ಗೌರವದಿಂದ ನೋಡಬೇಕು. ಕಾಗದಗಳಲ್ಲಿಯೂ ‘ಕೋಂ’ ಎಂಬ ಅಕ್ಷರವನ್ನೂ, ಅಪ್ರಾಪ್ತವಯಸ್ಕನ ಪರವಾಗಿ ಹೆಬ್ಬೆಟ್ಟು ಒತ್ತಿದ ತಾಯಿಯ ಹೆಸರನ್ನೂ ಹುಡುಕಿ ತೆಗೆಯಬೇಕು.

ಹೆಣ್ಣಿನ ಕಡೆಯ ನೆನಪು ಎಷ್ಟು ಬೆಲೆಯುಳ್ಳದ್ದೆಂಬುದಕ್ಕೆ ಈ ಸೀಮೆಯಲ್ಲಿಯೇ ಪವಿತ್ರವಾದ ನಿದರ್ಶನವಿದೆ. ಮಂತ್ರಾಲಯದ ಶ್ರೀ ರಾಘವೇಂದ್ರತೀರ್ಥರ ಪೂರ್ವಾಶ್ರಮದ ವಂಶವು ಇಂದು ತಿಳಿದಿರುವುದು ಮುಖ್ಯವಾಗಿ ‘ರಾಘವೇಂದ್ರ ವಿಜಯ’ದಿಂದ. ಕೃಷ್ಣಭಟ್ಟ, ಕನಕಾಚಲಭಟ್ಟ, ತಿಮ್ಮಣ್ಣಭಟ್ಟ ಎಂಬ ಮೂರು ತಲೆಗಳು, ತಾಯಿ ಗೋಪಿಕಾಂಬೆ, ಅಣ್ಣ ಗುರುರಾಜ, ಅಕ್ಕ ವೆಂಕಟಾಂಬೆ, ಪತ್ನಿ ಸರಸ್ವತಿ, ಇವರೆಲ್ಲರ ಹೆಸರೂ ಉಳಿದುವು. ಅದನ್ನು ರಚಿಸಿದ ನಾರಾಯಣಾಚಾರ್ಯರು ಸ್ವಾಮಿಗಳ ಅಕ್ಕನ ಮಕ್ಕಳು. ವಿರೋಧಿಕೃತ್ ಸಂವತ್ಸರ, ಶ್ರಾವಣ ಬಹುಳ ಬಿದಿಗೆ, ಶಕ 1593, ಅಂದರೆ 1671ನೆಯ ಇಸವಿ ಎಂದು ಬೃಂದಾವನ ಪ್ರವೇಶದ ತಿಥಿಯೂ ಸ್ಪಷ್ಟವಾಗಿದೆ. ಶಕಕ್ಕೆ 78ನ್ನು ಕೂಡಿಸಿದರೆ ಇಸವಿಯು ಬರುವ ಲೆಕ್ಕವನ್ನು ಇಲ್ಲಿಯೇ ತಾಳೆ ನೋಡಬಹುದು.

ಶಾಸ್ತ್ರೋಕ್ತ ಶ್ರಾದ್ಧವಿಲ್ಲದ ಕುಲಗಳಿಗೂ ಸಾಧನಗಳಿವೆ. ಉತ್ತರ ಕರ್ನಾಟಕದ ಹೆಳವರು ಕೆಲವು ವರ್ಷಗಳಿಗೊಮ್ಮೆ ಒಕ್ಕಲುಮನೆಗಳಿಗೆ ಬಂದು, ವಂಶವನ್ನು ಹಾಡಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು ಹೋಗುವರು. ತೆಲುಗು ಸೀಮೆಯಲ್ಲಿ ವಂಶರಾಜರೆಂಬವರದೂ ಇದೇ ವೃತ್ತಿ. ಇವರ ಹಾಡಿನಲ್ಲಿ ಪುರಾಣದ ಭಾಗವನ್ನೂ ಮನೆತನದ ಭಾಗವನ್ನೂ ಬೇರ್ಪಡಿಸಿಕೊಂಡಲ್ಲಿ ಪಟ್ಟೆಯಿಲ್ಲದ ಬಡವರ ವಂಶವೂ ದೊರೆಯುತ್ತದೆ.

ಶೋಧನೆಯಲ್ಲಿ ದತ್ತು, ಕೂಡಾವಳಿ, ಮನೆ ಬಿಟ್ಟು ಹೋದವರು, ಬರಗಾಲದಲ್ಲಿ ಊರು ಬಿಟ್ಟವರು ಕಂಡುಬಂದೇ ಬರುವರು. ಅವರನ್ನು ಮರೆಮಾಡಿ ಬರೆದ ವಂಶಾವಳಿಯು ಸತ್ಯಕ್ಕೆ ದೂರ. ಬದುಕಿರುವವರನ್ನು ನೋಯಿಸುವಂತೆ ಪ್ರಕಟಿಸುವುದೂ ಧರ್ಮವಲ್ಲ. ಬರೆದು ಇಡಬೇಕು, ಸಾರಿಕೊಂಡು ತಿರುಗಬಾರದು.

ಕಾಲವು ಸಂಕುಚಿತವಾಗಿದೆ. 1984ರಲ್ಲಿ ಆಂಧ್ರಪ್ರದೇಶದಲ್ಲಿ ವಂಶಪಾರಂಪರ್ಯದ ಕರಣಂ ಹುದ್ದೆಗಳು ರದ್ದಾದುವು. ಯಾವ ಹೊಲವು ಯಾರ ತಾತನದೆಂದು ಬಾಯಿಪಾಠವಾಗಿ ಹೇಳಬಲ್ಲವರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ದಫ್ತರವನ್ನು ನಾಳೆ ನೋಡಬಹುದು, ಮುಪ್ಪಿನವರನ್ನು ನಾಳೆ ಕೇಳುವೆನೆಂದು ಬಿಡಲಾಗದು. ಬರುವ ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಎಡೆಯಿಡುವ ಪ್ರತಿಯೊಂದು ಮನೆಯಲ್ಲಿಯೂ, ಗಂಡಸರದೂ ಹೆಂಗಸರದೂ ಆದ ಹೆಸರುಗಳನ್ನು ಊರು ತಿಥಿಗಳೊಡನೆ ಒಂದು ಹಾಳೆಯಲ್ಲಿ ಬರೆದು, ಅದರ ಎರಡು ಪ್ರತಿಗಳನ್ನು ಹೊರಗೆ ಕೊಟ್ಟ ಹೆಣ್ಣುಮಕ್ಕಳ ಮನೆಯಲ್ಲಿಯೂ ಇರಿಸುವುದಾದರೆ, ದೇವಋಣವನ್ನು ತೀರಿಸಲು ಕೂಡಿದ ಭಕ್ತರು ಪಿತೃಋಣಕ್ಕೂ ಒಂದು ಕಲ್ಲನ್ನು ಇಟ್ಟಂತಾಗುವುದು. ಭಗವಂತನು ಅದಕ್ಕೆ ಬೇಕಾದ ಶ್ರದ್ಧೆಯನ್ನು ಸರ್ವರಿಗೂ ಅನುಗ್ರಹಿಸಲಿ.