ಲೋಟದ ಅಳತೆ, ತಕ್ಕಡಿಯ ತೂಕ



ಕೆಲವು ಬೇಸಿಗೆಗಳ ಹಿಂದೆ ಪಾಮನಕಲ್ಲೂರು ಸುತ್ತಿನ ಹಳ್ಳಿಯೊಂದರ ತಾಯಿ, ಭೇದಿಯಿಂದ ಬಳಲುತ್ತಿದ್ದ ಹತ್ತು ತಿಂಗಳ ಕೂಸನ್ನು ನನ್ನಲ್ಲಿಗೆ ಕರೆತಂದಳು. ಮನೆಯಲ್ಲಿ ಸಕ್ಕರೆ-ಉಪ್ಪಿನ ನೀರು ಕುಡಿಸಿದ್ದರೂ ಕೂಸು ಬಾಯಾರಿಕೆಯಿಂದ ಚಡಪಡಿಸುತ್ತಿತ್ತು. “ಎರಡು ಚಮಚ ಉಪ್ಪು ಅಳದೇ ಹಾಕೀನ್ರಿ” ಎಂದಳು. ಅಳೆದದ್ದು ನಿಜ, ಆದರೆ ಪಲ್ಯ ಬಡಿಸುವ ದೊಡ್ಡ ಚಮಚದಿಂದ, ಅದೂ ರಾಶಿಯಾಗಿ. ಚಿಕಿತ್ಸೆ ದೊರೆತು ಕೂಸು ಉಳಿಯಿತು. ಆ ತಾಯಿಗೆ ಅಕ್ಕರೆಯ ಕೊರತೆ ಇರಲಿಲ್ಲ. ಅಳತೆಗೂ ತೂಕಕ್ಕೂ ಇರುವ ಅಂತರವನ್ನು ಯಾರೂ ತಿಳಿಸಿರಲಿಲ್ಲ.

ಅಳತೆ ಬೇರೆ, ತೂಕ ಬೇರೆ

ನಮ್ಮ ಹಿರಿಯರು ಸೇರು, ಪಾವು, ಚಟಾಕುಗಳಲ್ಲಿ ವ್ಯವಹರಿಸುತ್ತಿದ್ದರು. ಒಂದೂರಿನ ಸೇರು ಮತ್ತೊಂದೂರಿನ ಸೇರಿಗೆ ಸಮನಾಗಿರುತ್ತಿರಲಿಲ್ಲ. 1956ರ ಕಾಯ್ದೆಯಂತೆ 1958ರಿಂದ ಹಂತಹಂತವಾಗಿ ಕಿಲೋ, ಗ್ರಾಂಗಳು ಜಾರಿಗೆ ಬಂದವು. ಇಂದು ಪಡಿತರ ಧಾನ್ಯವೂ ಆಹಾರದ ಕುರಿತ ವೈದ್ಯರ ಸಲಹೆಯೂ ತೂಕದ ಲೆಕ್ಕದಲ್ಲಿವೆ. ಅಡುಗೆಮನೆಯಲ್ಲಿ ಮಾತ್ರ ಲೋಟ, ಚಮಚ, ಹಿಡಿಗಳೇ ಉಳಿದಿವೆ.

ಪದಾರ್ಥವು ಎಷ್ಟು ಸ್ಥಳ ಹಿಡಿಯುತ್ತದೆ ಎಂಬುದನ್ನು ಲೋಟ ತಿಳಿಸುತ್ತದೆಯೇ ಹೊರತು ಅದರ ಭಾರವನ್ನಲ್ಲ. ಒಂದು ಲೀಟರ್ ಅಡುಗೆ ಎಣ್ಣೆಯ ತೂಕ ಸುಮಾರು 910 ಗ್ರಾಂ ಮಾತ್ರ. 200 ಮಿಲಿಲೀಟರ್ ಹಿಡಿಯುವ ಲೋಟವನ್ನು ತಲೆ ಸವರಿ ಸಮಮಟ್ಟವಾಗಿ ತುಂಬಿದರೆ ದೊರೆಯುವ ತೂಕ ಸುಮಾರು ಹೀಗಿರುತ್ತದೆ:

ಅಕ್ಕಿ – 165 ಗ್ರಾಂ
ತೊಗರಿಬೇಳೆ – 165 ಗ್ರಾಂ
ಸಕ್ಕರೆ – 165 ಗ್ರಾಂ
ಜೋಳ – 150 ಗ್ರಾಂ
ಶೇಂಗಾ ಬೀಜ – 120 ಗ್ರಾಂ
ಜೋಳದ ಹಿಟ್ಟು – 110 ಗ್ರಾಂ

ಕಾಳಿಗಿಂತ ಹಿಟ್ಟು ಹಗುರವೆಂಬುದನ್ನು ಗಮನಿಸಿರಿ. ಹಿಟ್ಟಿನ ಕಣಗಳ ನಡುವೆ ಗಾಳಿ ತುಂಬಿರುವುದೇ ಇದಕ್ಕೆ ಕಾರಣ. ಕೂಸಿನ ಪೌಷ್ಟಿಕ ಹಿಟ್ಟಿಗೆ 300 ಗ್ರಾಂ ಜೋಳ, 100 ಗ್ರಾಂ ಬೇಳೆ ಬೇಕೆಂದು ಭಾವಿಸೋಣ. ಎರಡು ಲೋಟ ಜೋಳದ ಕಾಳು 300 ಗ್ರಾಂ ಆಗುತ್ತದೆ. ಅದರ ಬದಲು ಎರಡು ಲೋಟ ಹಿಟ್ಟನ್ನೇ ಅಳೆದರೆ 220 ಗ್ರಾಂ ಮಾತ್ರ. ಕೊರತೆಯಾದ 80 ಗ್ರಾಂನಲ್ಲಿ ಸುಮಾರು 270 ಕ್ಯಾಲೊರಿ ಶಕ್ತಿ ಇರುತ್ತದೆ. ಆದುದರಿಂದ ಕಾಳನ್ನು ಅಳೆದು, ಅನಂತರ ಹುರಿದು ಬೀಸುವುದು ಲೇಸು.

ನಿಮ್ಮ ಲೋಟದ ತೂಕವನ್ನು ಅರಿಯುವ ಬಗೆ

1. ಪದಾರ್ಥವನ್ನು ಕಿರಾಣಿ ಅಂಗಡಿಯಲ್ಲಿ ಸರಿಯಾಗಿ ಒಂದು ಕಿಲೋ ತೂಗಿಸಿ ತನ್ನಿರಿ. ಈ ಕೆಲಸವನ್ನು ಗಂಡ ವಹಿಸಿಕೊಳ್ಳಲಿ.
2. ದಿನಬಳಕೆಯ ಒಂದೇ ಲೋಟದಿಂದ ಸಮಮಟ್ಟವಾಗಿ ಅಳೆಯಿರಿ, ಕುಕ್ಕಬಾರದು, ಒತ್ತಬಾರದು.
3. ಲೋಟಗಳ ಸಂಖ್ಯೆಯಿಂದ 1000ವನ್ನು ಭಾಗಿಸಿರಿ. ಆರು ಲೋಟವಾದರೆ ಒಂದು ಲೋಟಕ್ಕೆ ಸುಮಾರು 167 ಗ್ರಾಂ.
4. ಉತ್ತರವನ್ನು ಡಬ್ಬಿಯ ಮೇಲೆ ಬರೆದಿಡಿ. ಪ್ರತಿ ಪದಾರ್ಥಕ್ಕೂ ಬೇರೆ ಲೆಕ್ಕವಿರಲಿ.

ಉಪ್ಪಿನಲ್ಲಿ ಎಚ್ಚರಿಕೆ

ಐದು ಮಿಲಿಲೀಟರಿನ ಒಂದು ಚಹಾ ಚಮಚ ಪುಡಿ ಉಪ್ಪು, ಸಮಮಟ್ಟವಾಗಿದ್ದರೆ, ಸುಮಾರು 6 ಗ್ರಾಂ ತೂಗುತ್ತದೆ. ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಹರಳುಪ್ಪಿನ ತೂಕ ಹರಳಿನ ಗಾತ್ರದಂತೆ ಬದಲಾಗುವುದರಿಂದ ಅದನ್ನು ಚಮಚದಿಂದ ಅಳೆಯಬಾರದು.

ಕೂಸಿಗೆ ಭೇದಿಯಾದಾಗ ಆಶಾ ಕಾರ್ಯಕರ್ತೆ ಕೊಡುವ ಓಆರ್‌ಎಸ್ ಪೊಟ್ಟಣವೇ ಉತ್ತಮ. ಪೊಟ್ಟಣದ ಮೇಲೆ ಮುದ್ರಿಸಿದಷ್ಟೇ ನೀರಿಗೆ ಇಡೀ ಪುಡಿಯನ್ನು ಬೆರೆಸಿರಿ. ಅದು ದೊರೆಯದಿದ್ದಲ್ಲಿ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಮಮಟ್ಟದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಪುಡಿ ಉಪ್ಪು ಸೇರಿಸಿರಿ. ಕೂಸಿಗೆ ಕುಡಿಸುವ ಮುನ್ನ ನೀವು ರುಚಿ ನೋಡಿರಿ. ಅದು ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಹೊಸದಾಗಿ ಮಾಡಿರಿ. ತಾಯಿಯ ಹಾಲನ್ನು ನಿಲ್ಲಿಸಬೇಡಿ. ಕೂಸು ಮಂಕಾದರೆ, ಕಣ್ಣು ಗುಳಿಬಿದ್ದರೆ, ಕುಡಿಯಲಾರದಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆತನ್ನಿರಿ.

ಒಂದು ಸಂಜೆ ಗಂಡಹೆಂಡಿರಿಬ್ಬರೂ ಕುಳಿತು ಮನೆಯ ಲೋಟವನ್ನೂ ಚಮಚವನ್ನೂ ಪರೀಕ್ಷಿಸಿರಿ. ಆ ಒಂದು ಗಂಟೆಯ ಶ್ರಮ ಮುಂದೆ ನಿಮ್ಮ ಕೂಸನ್ನು ಕಾಯುತ್ತದೆ.