ತೇಗಿನಲ್ಲಿ ಹೋಗುವ ಮೇವನ್ನು ಹಾಲಾಗಿಸುವುದು ಹೇಗೆ?

ಮೆಲುಕು ಹಾಕುವ ಹಸು ಆಗಾಗ ತೇಗುವುದನ್ನು ರೈತ ಬಾಂಧವರೆಲ್ಲರೂ ಬಲ್ಲರು. ಆ ತೇಗಿನಲ್ಲಿ ಮೀಥೇನ್ ಎಂಬ ಅನಿಲವಿರುತ್ತದೆ. ಗೋಬರ್ ಗ್ಯಾಸ್ ಒಲೆಯಲ್ಲಿ ಉರಿಯುವುದೂ ಇದೇ ಅನಿಲ. ರಾಸು ತಿಂದ ಮೇವಿನ ಶಕ್ತಿಯಲ್ಲಿ ಸುಮಾರು ಶೇ. 6ರಷ್ಟು ಹೀಗೆ ಗಾಳಿಗೆ ಹೋಗುತ್ತದೆ. ವಾತಾವರಣ ಸೇರಿದ ಮೀಥೇನ್, 100 ವರ್ಷಗಳ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಹೀಗೆ ರೈತನಿಗೆ ಮೇವಿನ ನಷ್ಟ, ಭೂಮಿಗೆ ಬಿಸಿಯ ಹೊರೆ.

ಅನಿಲ ಹುಟ್ಟುವ ಬಗೆ

ರಾಸಿನ ಮೊದಲ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಮೇವನ್ನು ಹುದುಗಿಸಿ ಕರಗಿಸುತ್ತವೆ. ಆಗ ಹೊರಬರುವ ಜಲಜನಕದಿಂದ ಬೇರೊಂದು ಗುಂಪಿನ ಜೀವಿಗಳು ಮೀಥೇನ್ ತಯಾರಿಸುತ್ತವೆ. ಬಲಿತ ನಾರಿನ ಮೇವಿನಲ್ಲಿ ಈ ನಷ್ಟ ಹೆಚ್ಚು. ಎಳೆಯ ಹಸಿರು ಮೇವು, ದ್ವಿದಳ ಮೇವು ಮತ್ತು ದಾಣಿಯಲ್ಲಿ ಕಡಿಮೆ.

ಲೀಟರಿನ ಲೆಕ್ಕ

ದಿನಕ್ಕೆ 4 ಲೀಟರ್ ಕೊಡುವ ಎರಡು ಹಸುಗಳನ್ನೂ 8 ಲೀಟರ್ ಕೊಡುವ ಒಂದು ಹಸುವನ್ನೂ ಹೋಲಿಸಿ ನೋಡಿ. ಹಾಲು ಅಷ್ಟೇ. ಆದರೆ ಮೊದಲನೆಯ ಕೊಟ್ಟಿಗೆಯಲ್ಲಿ ಎರಡು ದೇಹಗಳ ಪೋಷಣೆಗೆ ಮೇವು ಬೇಕು, ಎರಡು ಹೊಟ್ಟೆಗಳಿಂದ ಅನಿಲ ಹೊರಡುತ್ತದೆ. ಚೆನ್ನಾಗಿ ತಿನ್ನುವ ಹಸು ದಿನಕ್ಕೆ ಬಿಡುವ ಒಟ್ಟು ಅನಿಲ ಸ್ವಲ್ಪ ಹೆಚ್ಚಬಹುದು. ಆದರೆ ಪ್ರತಿ ಲೀಟರ್ ಹಾಲಿಗೆ ಅದು ಇಳಿಯುತ್ತದೆ. ಆದ್ದರಿಂದ ರಾಸುಗಳ ಸಂಖ್ಯೆ ಹೆಚ್ಚಿಸುವುದಕ್ಕಿಂತ ಇರುವ ರಾಸುಗಳಿಗೆ ಸಮತೋಲನ ಆಹಾರ ಕೊಡುವುದೇ ಲಾಭಕರ.

ಅನುಸರಿಸಬೇಕಾದ ಕ್ರಮಗಳು

1. ಹಸಿರು ಮೇವು: ಹೈಬ್ರಿಡ್ ನೇಪಿಯರ್ ಹುಲ್ಲನ್ನು ಮೊದಲ ಸಲ 70–75 ದಿನಕ್ಕೆ, ಅನಂತರ ಸುಮಾರು 45 ದಿನಕ್ಕೊಮ್ಮೆ ಕೊಯ್ಯಬೇಕು. ಬಲಿಯಲು ಬಿಟ್ಟರೆ ತೂಕ ಬರುತ್ತದೆ, ಸತ್ವ ಬರುವುದಿಲ್ಲ. ಮೂರು ಪಾಲು ಹುಲ್ಲಿಗೆ ಒಂದು ಪಾಲು ಅಲಸಂದೆ ಅಥವಾ ಕುದುರೆಮಸಾಲೆ ಬೆರೆಸಿ ಕೊಡಿ.

2. ಒಣಮೇವು: 100 ಕಿ.ಗ್ರಾಂ. ಭತ್ತದ ಹುಲ್ಲಿಗೆ, 50 ಲೀಟರ್ ನೀರಿನಲ್ಲಿ ಕರಗಿಸಿದ 4 ಕಿ.ಗ್ರಾಂ. ಯೂರಿಯಾವನ್ನು ಪದರ ಪದರವಾಗಿ ಸಿಂಪಡಿಸಿ, ತುಳಿದು, ಗಾಳಿಯಾಡದಂತೆ 21 ದಿನ ಮುಚ್ಚಿಡಿ. ತಿನ್ನಿಸುವ ಮುನ್ನ ಒಂದು ಗಂಟೆ ಗಾಳಿಗೆ ಹರಡಿ ಘಾಟು ಹೋಗಲು ಬಿಡಿ. ಆರು ತಿಂಗಳೊಳಗಿನ ಕರುಗಳಿಗೆ ಇದು ಬೇಡ. ಯೂರಿಯಾ ನೀರನ್ನು ರಾಸು ಕುಡಿದರೆ ಪ್ರಾಣಕ್ಕೇ ಅಪಾಯ.

3. ದಾಣಿ: ಮಿಶ್ರತಳಿ ಹಸುವಿನ ದೇಹ ಪೋಷಣೆಗೆ 1.5 ಕಿ.ಗ್ರಾಂ., ಜೊತೆಗೆ ಪ್ರತಿ 2.5 ಲೀಟರ್ ಹಾಲಿಗೆ 1 ಕಿ.ಗ್ರಾಂ. ಕೊಡುವುದು ವಾಡಿಕೆ. ಒಮ್ಮೆಲೇ ಹೆಚ್ಚಿಸಬಾರದು, ಹೊಟ್ಟೆಯಲ್ಲಿ ಹುಳಿ ಹೆಚ್ಚಿ ರಾಸು ಮೇವು ಬಿಡುತ್ತದೆ. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣವನ್ನೂ ಸಾಕಷ್ಟು ನೀರನ್ನೂ ಮರೆಯಬೇಡಿ.

4. ಮೇಯಿಸುವಿಕೆ: ಬೋಳು ಗೋಮಾಳದಲ್ಲಿ ಸಂಜೆಯವರೆಗೆ ಅಲೆದ ಹಸು ತಿಂದದ್ದರಲ್ಲಿ ಒಂದು ಪಾಲನ್ನು ನಡಿಗೆಗೇ ಕಳೆಯುತ್ತದೆ. ಸ್ವಂತ ಹುಲ್ಲುಗಾವಲಿದ್ದರೆ ನಾಲ್ಕು ಭಾಗ ಮಾಡಿ, ವಾರಕ್ಕೊಂದು ಭಾಗದಲ್ಲಿ ಮೇಯಿಸಿ. ಪ್ರತಿ ಭಾಗಕ್ಕೂ ಮೂರು ವಾರ ಬಿಡುವು ಸಿಕ್ಕಿ ಎಳೆಹುಲ್ಲು ಚಿಗುರುತ್ತದೆ. ಬುಡದವರೆಗೆ ಮೇಯಲು ಬಿಡಬೇಡಿ.

5. ಒಗರು ಪದಾರ್ಥ: ಸಸ್ಯಗಳ ಒಗರು ಅಂಶವಾದ ಟ್ಯಾನಿನ್ ಮೀಥೇನ್ ಉತ್ಪತ್ತಿಯನ್ನು ತಗ್ಗಿಸುತ್ತದೆ. ಇಂಥ ಸಸ್ಯಮೂಲಗಳಿಂದ ಬೆಂಗಳೂರಿನ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯು ‘ಹರಿತ್ ಧಾರಾ’ ಎಂಬ ಪೂರಕ ಆಹಾರವನ್ನು ರೂಪಿಸಿದೆ. ಇದರಿಂದ ಮೀಥೇನ್ ಶೇ. 17ರಿಂದ 20ರಷ್ಟು ಇಳಿಯುವುದೆಂದು ವರದಿಯಾಗಿದೆ. ಒಗರು ಮಿತಿಮೀರಿದರೆ ಜೀರ್ಣಶಕ್ತಿ ಕುಂದುವುದರಿಂದ ಪಶುವೈದ್ಯರನ್ನು ಕೇಳಿಯೇ ಬಳಸಬೇಕು.

ಇವೆಲ್ಲವನ್ನೂ ಒಂದೇ ದಿನ ಕೈಗೊಳ್ಳಬೇಕಾಗಿಲ್ಲ. ಈ ಮಳೆಗಾಲದಲ್ಲಿ ಬದುವಿನ ಮೇಲೆ ಮೇವು ಹಾಕುವುದರಿಂದ ಆರಂಭಿಸಿ. ತಿಂದ ಮೇವಿಗೂ ಕರೆದ ಹಾಲಿಗೂ ವಾರಕ್ಕೊಮ್ಮೆ ಲೆಕ್ಕ ಬರೆದಿಡಿ. ಅದೇ ಮೇವಿಗೆ ಹಾಲು ಹೆಚ್ಚಿದರೆ, ತೇಗಿನ ನಷ್ಟ ತಗ್ಗುತ್ತಿರುವುದಕ್ಕೆ ಅದೇ ಗುರುತು.